ಥಿಯೇಟರಿನ ಚಳಿ, ವಾರ್ಡಿನ ಸನ್ನಿ

ಜ್ವರ ನೋಡಲು ಬಾಯಲ್ಲಿಡುವ, ಗೇಣುದ್ದವೂ ಇಲ್ಲದ ಗಾಜಿನ ಥರ್ಮಾಮೀಟರ್ ಹುಟ್ಟಿದ್ದು ಉತ್ತರ ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅದಕ್ಕೂ ಮೊದಲು ವೈದ್ಯರ ಬಳಿ ಇದ್ದದ್ದು ಅಡಿಯುದ್ದದ ಉಪಕರಣ. ಅದನ್ನು ರೋಗಿಯ ಕಂಕುಳಲ್ಲಿಟ್ಟು ಇಪ್ಪತ್ತು ನಿಮಿಷ ಕಾಯಬೇಕಿತ್ತು. ಹಾಗಾಗಿ ಹೆಚ್ಚಿನವರು ಅದರ ತಂಟೆಗೇ ಹೋಗುತ್ತಿರಲಿಲ್ಲ. ಲೀಡ್ಸ್ ಜನರಲ್ ಇನ್‌ಫರ್ಮರಿಯ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ 1866ರ ಸುಮಾರಿಗೆ ಅದನ್ನು ಆರು ಅಂಗುಲಕ್ಕೆ ಇಳಿಸಿದರು. ಐದು ನಿಮಿಷದಲ್ಲಿ ತಾಪ ಗೊತ್ತಾಗುತ್ತಿತ್ತು, ಜೇಬಿನಲ್ಲಿ ಇಟ್ಟುಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗಬಹುದಿತ್ತು. ಇದೇ ಆಲ್ಬಟ್ ಹತ್ತಿರದ ವೇಕ್‌ಫೀಲ್ಡ್‌ನ ಮಾನಸಿಕ ಆಸ್ಪತ್ರೆಯ ರೋಗಿಗಳ ಕಣ್ಣಿನೊಳಗೆ ಬೆಳಕು ಹಾಯಿಸಿ ಮಿದುಳಿನ ಕಾಯಿಲೆಯ ಸುಳಿವು ಹುಡುಕುತ್ತಿದ್ದರು. ಆ ಅನುಭವದ ಪುಸ್ತಕ 1871ರಲ್ಲಿ ಬಂತು. ಮೈಯ ಕಾವು, ಮನಸ್ಸಿನ ಸ್ಥಿಮಿತ ಎರಡೂ ಒಬ್ಬನೇ ವೈದ್ಯನ ಕೆಲಸವಾಗಿದ್ದ ಕಾಲ ಅದು. ಇವತ್ತು ಅದೇ ಊರಿನ ಆಸ್ಪತ್ರೆಯಲ್ಲಿ ಎಂಬತ್ತರ ಅಜ್ಜಿಯೊಬ್ಬರು ಮುರಿದ ಸೊಂಟಕ್ಕೆ ಆಪರೇಷನ್ ಮಾಡಿಸಿಕೊಂಡರೆ, ಅವರ ಮೈ ತಾಪ ಆಪರೇಷನ್ ಥಿಯೇಟರಿನ ದಾಖಲೆಯಲ್ಲಿರುತ್ತದೆ, ಅವರ ಮನಸ್ಸಿನ ಸ್ಥಿತಿ ವಾರ್ಡಿನ ದಾಖಲೆಯಲ್ಲಿರುತ್ತದೆ. ಎರಡನ್ನೂ ಒಟ್ಟಿಗೆ ಓದುವವರು ಕಡಿಮೆ.

ಒಟ್ಟಿಗೆ ಓದಬೇಕಾದ ಕಾರಣವಿದೆ. ಆಪರೇಷನ್ ಚೆನ್ನಾಗಿ ಆಯಿತು ಎಂದು ಸರ್ಜನ್ ಹೇಳಿ ಹೋಗುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿ ಕೂತಿದೆ. ಮರುದಿನ ಸಂಜೆ ಮಗಳು ನೋಡಲು ಬಂದರೆ ಅಮ್ಮ ಅಮ್ಮನಂತಿಲ್ಲ. ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎನ್ನುತ್ತಾರೆ, ಕೈಗೆ ಚುಚ್ಚಿದ ನಳಿಕೆ ಕೀಳಲು ಹೋಗುತ್ತಾರೆ, ಎಂದೋ ತೀರಿಕೊಂಡ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ ಎಂದು ಕರೆಯುತ್ತಾರೆ. ಇದು ಡೆಲಿರಿಯಂ, ನಮ್ಮ ಹಳಬರು ಸನ್ನಿ ಎನ್ನುತ್ತಿದ್ದುದು. ಇದರ ಇನ್ನೊಂದು ರೂಪ ಇದಕ್ಕಿಂತ ಮೋಸದ್ದು. ಅಜ್ಜ ಸುಮ್ಮನೆ ಮಲಗಿರುತ್ತಾರೆ, ಕೂಗಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ, ಊಟ ಮುಟ್ಟುವುದಿಲ್ಲ. ‘ಪಾಪ, ಸುಸ್ತಾಗಿದ್ದಾರೆ, ಮಲಗಲಿ ಬಿಡಿ’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಗಲಾಟೆ ಮಾಡುವವರತ್ತ ನರ್ಸ್ ಓಡಿ ಬರುತ್ತಾರೆ, ತೆಪ್ಪಗೆ ಮಲಗಿದವರ ಸನ್ನಿ ಯಾರ ಕಣ್ಣಿಗೂ ಬೀಳದೆ ದಿನಗಳು ಕಳೆಯುತ್ತವೆ.

ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಬೇರೆ, ಅದು ವರ್ಷಗಟ್ಟಲೆ ಮೆಲ್ಲಗೆ ಏರುತ್ತದೆ. ಸನ್ನಿ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ, ಬೆಳಗ್ಗೆ ತಿಳಿಯಾಗಿದ್ದು ಸಂಜೆಗೆ ಕದಡುತ್ತದೆ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ‘ನೈಸ್’ ಸಂಸ್ಥೆಯ ಅಂದಾಜಿನಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಲ್ಲಿ ಶೇ 10ರಿಂದ 50ರಷ್ಟು ಮಂದಿಗೆ ಇದು ಬರುತ್ತದೆ. ಯಾವ ಆಪರೇಷನ್, ಎಷ್ಟು ವಯಸ್ಸು ಎಂಬುದರ ಮೇಲೆ ಪ್ರಮಾಣ ಏರಿಳಿಯುತ್ತದೆ. 65 ದಾಟಿದವರು, ಮೊದಲೇ ಮರೆವಿನ ತೊಂದರೆ ಇದ್ದವರು, ಸೊಂಟದ ಮೂಳೆ ಮುರಿದವರು ಮುಂಚೂಣಿಯಲ್ಲಿದ್ದಾರೆ. 2018ರ ಮಾರ್ಚ್ 14ರಂದು, ಒಂದೇ ದಿನ, ಬರ್ಮಿಂಗ್‌ಹ್ಯಾಮ್‌ನ ವೈದ್ಯರೂ ಸೇರಿದ್ದ ತಂಡವೊಂದು ಬ್ರಿಟನ್ನಿನ 45 ಆಸ್ಪತ್ರೆಗಳಲ್ಲಿ 1,507 ವೃದ್ಧ ರೋಗಿಗಳನ್ನು ಪರೀಕ್ಷಿಸಿತು. ಹೆಚ್ಚುಕಡಿಮೆ ಏಳರಲ್ಲಿ ಒಬ್ಬರಿಗೆ ಸನ್ನಿ ಇತ್ತು. ಅವರಲ್ಲೂ ಹೆಚ್ಚು ಬಳಲಿ ಕೃಶರಾದವರ ಸನ್ನಿಯನ್ನೇ ವಾರ್ಡಿನವರು ಹೆಚ್ಚಾಗಿ ಗುರುತಿಸಿರಲಿಲ್ಲ. ಯಾರಿಗೆ ಅಪಾಯ ಜಾಸ್ತಿಯೋ ಅವರೇ ಕಣ್ತಪ್ಪಿದ್ದರು.

ಈಗ ಚಳಿಯ ಕಡೆಗೆ ಬರೋಣ.

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವುದು ಸಾಮಾನ್ಯವಾಗಿ ಥಿಯೇಟರಿಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ. ಮೈಮೇಲೆ ಬೆನ್ನ ಹಿಂದೆ ದಾರ ಕಟ್ಟುವ ತೆಳು ಗೌನ್, ಅದರ ಕೆಳಗೆ ಏನೂ ಇಲ್ಲ. ಕೈಯ ನಾಳಕ್ಕೆ ತಣ್ಣನೆಯ ದ್ರವ ಇಳಿಯುತ್ತಿರುತ್ತದೆ. ನಿದ್ದೆ ಹತ್ತಿದ ಮೇಲೆ ಗಾಲಿಮಂಚವನ್ನು ಒಳಕ್ಕೆ ತಳ್ಳುತ್ತಾರೆ, ಹೊದಿಕೆ ಸರಿಸುತ್ತಾರೆ, ಚರ್ಮಕ್ಕೆ ಸ್ಪಿರಿಟ್ ಬೆರೆತ ಬಣ್ಣದ ಔಷಧ ಬಳಿಯುತ್ತಾರೆ. ಅದು ಆರುವಾಗ ಮೈಯ ಶಾಖವನ್ನೂ ಜೊತೆಗೆ ಒಯ್ಯುತ್ತದೆ. ಸರ್ಜನ್ ಮೇಲೆ ಗೌನು, ಏಪ್ರನ್ನು, ದೀಪದ ಬಿಸಿ, ಅವರಿಗೆ ಸೆಕೆ. ಅದಕ್ಕಾಗಿ ಕೋಣೆ ತಂಪಾಗಿರುತ್ತದೆ. ಈ ಅಸಮತೆಯಲ್ಲಿ ಮಾತಾಡಲಾಗದವರು ಮೇಜಿನ ಮೇಲೆ ಮಲಗಿದವರೊಬ್ಬರೇ.

ಆದರೆ ಮೈ ತಣ್ಣಗಾಗುವುದಕ್ಕೆ ಕೋಣೆಯ ಚಳಿಗಿಂತ ದೊಡ್ಡ ಕಾರಣ ಅರಿವಳಿಕೆಯೇ. ಎಚ್ಚರವಿದ್ದಾಗ ಚಳಿ ತಾಕಿದರೆ ಕೈಕಾಲಿನ ರಕ್ತನಾಳಗಳು ಬಿಗಿದುಕೊಂಡು ಎದೆ, ಹೊಟ್ಟೆ, ತಲೆಯ ಬಿಸಿಯನ್ನು ಒಳಗೇ ಹಿಡಿದಿಡುತ್ತವೆ. ಅರಿವಳಿಕೆ ಆ ಬಿಗಿತವನ್ನು ಸಡಿಲಿಸುತ್ತದೆ. ಮಾಗಿಯಲ್ಲಿ ನಡುಮನೆಯ ಬಾಗಿಲು ತೆರೆದಿಟ್ಟರೆ ಒಲೆಯ ಕಾವೆಲ್ಲ ಜಗಲಿಗೆ ಹರಿದುಹೋಗುವಂತೆ, ಒಳಗಿನ ಬಿಸಿ ರಕ್ತ ಕೈಕಾಲಿಗೆ ಹರಡಿ ಮೊದಲ ಒಂದು ಗಂಟೆಯಲ್ಲೇ ಒಳಮೈಯ ತಾಪ ಒಂದರಿಂದ ಒಂದೂವರೆ ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಆಮೇಲೆ ಚರ್ಮದಿಂದ, ತೆರೆದ ಗಾಯದಿಂದ ನಿಧಾನವಾಗಿ ಸೋರಿಕೆ. ಕೋಣೆಯ ತಾಪದ ಒಂದು ಲೀಟರ್ ಡ್ರಿಪ್ ಮೈಯ ಸರಾಸರಿ ತಾಪವನ್ನು ಕಾಲು ಡಿಗ್ರಿಯಷ್ಟು ಇಳಿಸುತ್ತದೆ. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರೂ ಇದೇ ಕಥೆ, ಜೊತೆಗೆ ರೋಗಿಗೆ ತನಗೆ ಚಳಿಯಾಗಿದೆ ಎಂಬುದೂ ಸರಿಯಾಗಿ ತಿಳಿಯುವುದಿಲ್ಲ. ವಯಸ್ಸಾದವರಲ್ಲಿ ಸ್ನಾಯು ಕಡಿಮೆ, ಮೈ ತಾನಾಗಿ ಉತ್ಪಾದಿಸುವ ಬಿಸಿ ಕಡಿಮೆ, ನಡುಕ ಶುರುವಾಗುವುದೂ ತಡ. ಜನವರಿಯ ರಾತ್ರಿ ಬಚ್ಚಲುಮನೆಯಲ್ಲಿ ಬಿದ್ದು, ಯಾರಾದರೂ ಬರುವ ತನಕ ನೆಲದ ಮೇಲೇ ಮಲಗಿದ್ದವರಾದರೆ ಥಿಯೇಟರಿಗೆ ಬರುವ ಮೊದಲೇ ಮೈ ತಣ್ಣಗಿರುತ್ತದೆ.

ಸೊಂಟದ ಆಪರೇಷನ್ನಿನ ಚರಿತ್ರೆಯೂ ಉತ್ತರ ಇಂಗ್ಲೆಂಡಿನದ್ದೇ. ಮ್ಯಾಂಚೆಸ್ಟರಿನ ಪಶ್ಚಿಮಕ್ಕೆ ವಿಗನ್ ಬಳಿಯ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರ ನವೆಂಬರಿನಲ್ಲಿ ಪ್ಲಾಸ್ಟಿಕ್ ಬಟ್ಟಲು, ಲೋಹದ ಗುಂಡು ಜೋಡಿಸಿದ ಕೃತಕ ಕೀಲನ್ನು ಕೂರಿಸಿದರು. ಇಂದು ಜಗತ್ತಿನಾದ್ಯಂತ ನಡೆಯುವ ಕೀಲು ಬದಲಾವಣೆ ಅಲ್ಲಿಂದ ಬೆಳೆದದ್ದು. ಅವರನ್ನು ಕಾಡಿದ್ದು ಸೋಂಕು. ಅದಕ್ಕಾಗಿ ಥಿಯೇಟರಿನೊಳಗೆ ಶುದ್ಧಗಾಳಿ ಸತತವಾಗಿ ಬೀಸುವ ಗಾಜಿನ ಗೂಡನ್ನೇ ಕಟ್ಟಿಸಿದರು. ಸೋಂಕು ತೀರ ಕಡಿಮೆಯಾಯಿತು. ಆದರೆ ಬೀಸುವ ಗಾಳಿ ಬೆತ್ತಲೆ ಚರ್ಮದ ಬಿಸಿಯನ್ನೂ ಒಯ್ಯುತ್ತದೆ. ಗಾಯವನ್ನು ಕಾಯುವ ಗಾಳಿಯಿಂದ ಮೈಯನ್ನು ಕಾಯುವ ಕೆಲಸ ಅರಿವಳಿಕೆಯವರ ಪಾಲಿಗೆ ಬಂತು.

ಮೈ ತಣ್ಣಗಾದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆ ಬಂದದ್ದು ತೊಂಬತ್ತರ ದಶಕದಲ್ಲಿ. ದೊಡ್ಡ ಕರುಳಿನ ಆಪರೇಷನ್ ಆದ 200 ರೋಗಿಗಳ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಸುಮಾರು 34.7 ಡಿಗ್ರಿಗೆ ಇಳಿದವರಲ್ಲಿ ಶೇ 19ರಷ್ಟು ಮಂದಿಯ ಗಾಯಕ್ಕೆ ಸೋಂಕು ತಗಲಿತು, ಬೆಚ್ಚಗಿಟ್ಟವರಲ್ಲಿ ಶೇ 6. ಈಶಾನ್ಯ ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ನಾರ್ತ್ ಟೀಸ್ ಆಸ್ಪತ್ರೆಯಲ್ಲಿ ಹರ್ನಿಯಾ, ಸ್ತನ, ಉಬ್ಬಿದ ರಕ್ತನಾಳದಂತಹ ಚಿಕ್ಕ ಆಪರೇಷನ್ನಿನ 421 ಮಂದಿಯನ್ನು ಆರಿಸಿ, ಕೆಲವರನ್ನು ಆಪರೇಷನ್ನಿಗೆ ಮೊದಲು ಅರ್ಧ ಗಂಟೆ ಬೆಚ್ಚಗಿಟ್ಟರು. 2001ರಲ್ಲಿ ಬಂದ ಫಲಿತಾಂಶದಲ್ಲಿ ಬೆಚ್ಚಗಿಡದವರಲ್ಲಿ ಸೋಂಕು ಶೇ 14, ಬೆಚ್ಚಗಿಟ್ಟವರಲ್ಲಿ ಶೇ 5. ಅರ್ಧ ಗಂಟೆಯ ಬಿಸಿಗೆ ಇಷ್ಟು ಫಲ.

2008ರ ಏಪ್ರಿಲಿನಲ್ಲಿ ನೈಸ್ ಇದನ್ನೆಲ್ಲ ನಿಯಮವಾಗಿ ಬರೆಯಿತು, 2016ರಲ್ಲಿ ಪರಿಷ್ಕರಿಸಿತು. ಒಳಮೈ ತಾಪ 36 ಡಿಗ್ರಿಗಿಂತ ಕಡಿಮೆಯಿದ್ದರೆ, ತುರ್ತು ಇಲ್ಲದಿದ್ದಲ್ಲಿ, ಅರಿವಳಿಕೆ ಶುರು ಮಾಡಬೇಡಿ. ಮೈ ತೆರೆದಿರುವಷ್ಟು ಹೊತ್ತು ಥಿಯೇಟರು ಕನಿಷ್ಠ 21 ಡಿಗ್ರಿ ಇರಲಿ. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಡ್ರಿಪ್ ಕೊಡುವುದಾದರೆ 37ಕ್ಕೆ ಕಾಯಿಸಿ ಕೊಡಿ. ಅರ್ಧ ಗಂಟೆ ಮೀರುವ ಆಪರೇಷನ್ನಿಗೆ ಬಿಸಿಗಾಳಿಯ ಹೊದಿಕೆ ಹಾಕಿ. ಎರಡು ಪದರದ ತೆಳು ಹಾಳೆಗೆ ಕೊಳವೆಯಲ್ಲಿ ಬಿಸಿಗಾಳಿ ಊದುವ, ಊದಿಕೊಂಡಾಗ ದಿಂಬಿನಂತೆ ಉಬ್ಬುವ ಈ ಹೊದಿಕೆಯನ್ನು ಥಿಯೇಟರಿನವರು ‘ಬೇರ್ ಹಗ್ಗರ್’ ಎಂಬ ಬ್ರ್ಯಾಂಡ್ ಹೆಸರಿನಿಂದಲೇ ಕರೆಯುತ್ತಾರೆ. ಆಪರೇಷನ್ ನಡೆಯುವಾಗ ಅರ್ಧ ಗಂಟೆಗೊಮ್ಮೆ, ಎಚ್ಚರವಾಗುವ ಕೋಣೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ತಾಪ ನೋಡಬೇಕು. 36 ಮುಟ್ಟದೆ ವಾರ್ಡಿಗೆ ಕಳಿಸಬಾರದು.

ಸನ್ನಿಗೆ ನೈಸ್ ಬೇರೆಯೇ ಮಾರ್ಗಸೂಚಿ ಬರೆದದ್ದು 2010ರ ಜುಲೈನಲ್ಲಿ. ಅದರ ಹಿಂದೆ ಲೀಡ್ಸ್, ಬ್ರ್ಯಾಡ್‌ಫರ್ಡ್‌ಗಳ ವೃದ್ಧಾಪ್ಯ ವೈದ್ಯರ ದುಡಿಮೆ ದೊಡ್ಡದು. ಸನ್ನಿಗೆ ಒಂದೇ ಮದ್ದಿಲ್ಲ, ಆದರೆ ಮೂರರಲ್ಲಿ ಒಂದು ಭಾಗವನ್ನು ತಡೆಯಬಹುದು ಎಂಬುದು ಅದರ ಸಾರ. ನೀರು ಕುಡಿಸಿ, ಮಲಬದ್ಧತೆ ಆಗದಂತೆ ನೋಡಿ, ಆಮ್ಲಜನಕ ತಗ್ಗದಿರಲಿ, ಸೋಂಕು ಹುಡುಕಿ, ನೋವು ಕಡಿಮೆ ಮಾಡಿ, ಮಾತ್ರೆಗಳ ಪಟ್ಟಿ ಪರೀಕ್ಷಿಸಿ, ಎಬ್ಬಿಸಿ ನಡೆಸಿ, ಕನ್ನಡಕ ಹಾಕಿ, ಕಿವಿಯ ಯಂತ್ರ ಹಾಕಿ, ರಾತ್ರಿ ನಿದ್ದೆ ಕೆಡಿಸಬೇಡಿ. ಅಮೆರಿಕದ ಯೇಲ್‌ನಲ್ಲಿ ಶ್ಯಾರನ್ ಇನೌಯಿ ಇಂಥದೇ ಸಣ್ಣ ಸಣ್ಣ ಕೆಲಸಗಳನ್ನು ಒಟ್ಟುಗೂಡಿಸಿ 852 ವೃದ್ಧರ ಮೇಲೆ ಪ್ರಯೋಗಿಸಿದಾಗ ಸನ್ನಿ ಶೇ 15ರಿಂದ ಶೇ 9.9ಕ್ಕೆ ಇಳಿದಿತ್ತು. ಅದು 1999ರ ಮಾತು.

ನೈಸ್ ಕೊಟ್ಟ ಸನ್ನಿಯ ಪಟ್ಟಿಯಲ್ಲಿ ಮೈಯ ತಾಪ ಪ್ರತ್ಯೇಕ ಅಂಶವಾಗಿ ಇಲ್ಲ. ನನಗೆ ಅದು ಕೊರತೆಯಾಗಿ ಕಾಣುತ್ತದೆ. ತಣ್ಣಗಾದ ಮೈ ಈ ಪಟ್ಟಿಯ ನಾಲ್ಕೈದು ಬಾಗಿಲನ್ನು ಒಮ್ಮೆಲೇ ತಟ್ಟುತ್ತದೆ. ಸೋಂಕು ಹೆಚ್ಚುತ್ತದೆ. ಎಚ್ಚರವಾಗುವಾಗಿನ ನಡುಕ ಆಮ್ಲಜನಕವನ್ನು ಹೀರುತ್ತದೆ, ಹೊಲಿಗೆಯ ನೋವನ್ನು ಕೆದಕುತ್ತದೆ. ತಣ್ಣನೆಯ ಮೈಯಲ್ಲಿ ಔಷಧ ಕರಗುವುದು ನಿಧಾನ. ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು ಎರಡೂ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತವೆ. ರಕ್ತ ಹೆಪ್ಪುಗಟ್ಟುವುದು ಕುಂದಿ ರಕ್ತಸ್ರಾವ ಹೆಚ್ಚಬಹುದು. ಮೊದಲೇ ದುರ್ಬಲವಾದ ಮಿದುಳಿಗೆ ಇವೆಲ್ಲ ಒಟ್ಟಿಗೆ ಬಂದರೆ ತಡೆದುಕೊಳ್ಳುವುದು ಕಷ್ಟ.

ಹಾಗಾದರೆ ಚಳಿಯಿಂದಲೇ ಸನ್ನಿ ಬರುತ್ತದೆ ಎಂದುಬಿಡಬಹುದೇ? ಇಲ್ಲ. ಹಳೆಯ ದಾಖಲೆಗಳನ್ನು ತಿರುವಿ ನೋಡಿದ ಅಧ್ಯಯನಗಳಲ್ಲಿ ತಾಪ ಇಳಿದವರಿಗೂ ಸನ್ನಿಗೂ ನಂಟು ಕಂಡಿದೆ ನಿಜ. ಆದರೆ ಯಾರ ತಾಪ ಹೆಚ್ಚು ಇಳಿಯುತ್ತದೆ? ಬಡಕಲು ಮೈಯವರದು, ತುಂಬ ವಯಸ್ಸಾದವರದು, ಆಪರೇಷನ್ ತುಂಬ ಹೊತ್ತು ನಡೆದವರದು. ಸನ್ನಿಯೂ ಅವರಿಗೇ ಹೆಚ್ಚು. ಒಂದು ಇನ್ನೊಂದಕ್ಕೆ ಕಾರಣವೋ, ಎರಡಕ್ಕೂ ಬೇರೆ ಕಾರಣವೋ ಎಂಬುದನ್ನು ದಾಖಲೆ ಮಾತ್ರ ಹೇಳಲಾರದು. ಇನ್ನು ಹೃದಯದ ಆಪರೇಷನ್ನಿನಲ್ಲಿ ಮಿದುಳನ್ನು ಕಾಪಾಡಲೆಂದೇ ಮೈಯನ್ನು ತಣ್ಣಗೆ ಮಾಡುವುದುಂಟು, ಒಂದೊಂದು ಡಿಗ್ರಿ ಇಳಿದಂತೆ ಮಿದುಳಿನ ಆಮ್ಲಜನಕದ ಹಸಿವು ಕಡಿಮೆಯಾಗುತ್ತದೆ. ಅಲ್ಲಿ ಭಯ ಇರುವುದು ಮತ್ತೆ ಬಿಸಿಯೇರಿಸುವಾಗ ಆತುರಪಟ್ಟು ಮಿದುಳನ್ನು ಅತಿಯಾಗಿ ಕಾಯಿಸುವುದರ ಬಗ್ಗೆ.

ಬೆಚ್ಚಗಿಡುವುದಕ್ಕೂ ಒಂದು ಮಿತಿ ಇದೆ. ಚೀನಾದ ಆಸ್ಪತ್ರೆಗಳು ಮತ್ತು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸೇರಿ ಐದು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆಸಿದ ಪ್ರೊಟೆಕ್ಟ್ ಎಂಬ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಕೆಲವರನ್ನು 37 ಡಿಗ್ರಿಯಲ್ಲಿ, ಉಳಿದವರನ್ನು 35.5ರ ಆಸುಪಾಸಿನಲ್ಲಿ ಇಟ್ಟು ನೋಡಿದರು. ಹೃದಯಕ್ಕಾಗುವ ಪೆಟ್ಟಿನಲ್ಲಿ, ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಮುಖ್ಯವಾಗಿ ಅಳೆದದ್ದು ಹೃದಯವನ್ನು, ಸನ್ನಿಯನ್ನಲ್ಲ. ಆದರೂ 36ಕ್ಕಿಂತ ಅರ್ಧ ಡಿಗ್ರಿ ಇಳಿದರೆ ಗಾಬರಿಯಾಗಬೇಕಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. 34, 34.5ಕ್ಕೆ ಇಳಿಯಲು ಬಿಡುವುದು ಬೇರೆಯೇ ವಿಷಯ. ಹಾಗೆಯೇ ‘ಪೂರ್ತಿ ಮಲಗಿಸದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸನ್ನಿ ಬರುವುದಿಲ್ಲ’ ಎಂಬ ನಂಬಿಕೆ ನಮ್ಮ ಮನೆಗಳಲ್ಲೂ ಇದೆ, ಕೆಲವು ವೈದ್ಯರಲ್ಲೂ ಇತ್ತು. ಅಮೆರಿಕ, ಕೆನಡಾಗಳ 1,600 ಸೊಂಟ ಮುರಿದ ರೋಗಿಗಳ ಮೇಲಿನ 2021ರ ಪ್ರಯೋಗದಲ್ಲಿ ಎರಡೂ ಗುಂಪಿನಲ್ಲಿ ಐದರಲ್ಲಿ ಒಬ್ಬರಿಗೆ ಸನ್ನಿ ಬಂತು. ಅರಿವಳಿಕೆಯ ಬಗೆಯ ಬಗ್ಗೆ ಹಟ ಹಿಡಿಯುವ ಬದಲು ಮೈ ಬೆಚ್ಚಗಿದೆಯೇ, ನೋವು ಹತೋಟಿಯಲ್ಲಿದೆಯೇ ಎಂದು ಕೇಳುವುದು ಮೇಲು.

ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 70,000 ಮಂದಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರುತ್ತಾರೆ. ಇಂಗ್ಲೆಂಡಿನಲ್ಲಿ 36 ಗಂಟೆಯೊಳಗೆ ಆಪರೇಷನ್ ಆದರೆ, ವೃದ್ಧಾಪ್ಯ ವೈದ್ಯರು ನೋಡಿದರೆ ಆಸ್ಪತ್ರೆಗೆ ಹೆಚ್ಚುವರಿ ಹಣ ಕೊಡುವ ಪದ್ಧತಿ 2010ರಿಂದ ಇದೆ. ಆಪರೇಷನ್ ನಂತರದ ಸನ್ನಿಯ ಪರೀಕ್ಷೆಯನ್ನೂ ಆಮೇಲೆ ಆ ಷರತ್ತಿಗೆ ಸೇರಿಸಿದರು. ಈ ವೃದ್ಧಾಪ್ಯ ವೈದ್ಯ ವಿಭಾಗವನ್ನು ಬೆಳೆಸಿದವರಲ್ಲಿ ಭಾರತ ಉಪಖಂಡದ ವೈದ್ಯರ ಪಾಲು ದೊಡ್ಡದು. ಇಂಗ್ಲಿಷ್ ಪದವೀಧರರು ಮುದುಕರ ವಾರ್ಡಿಗೆ ಬರಲು ಹಿಂಜರಿಯುತ್ತಿದ್ದ ದಶಕಗಳಲ್ಲಿ ಅಲ್ಲಿ ನಿಂತು ಕೆಲಸ ಮಾಡಿದವರು ಅವರು. ಆ ತಲೆಮಾರಿನ ಕನ್ನಡದ ವೈದ್ಯರು, 1983ರಲ್ಲಿ ಹುಟ್ಟಿದ, ಬ್ರಿಟನ್ನಿನ ಕನ್ನಡಿಗರ ಸಂಘವಾದ ಕನ್ನಡ ಬಳಗದ ಮೊದಲ ಸಾಲಿನವರು, ಈಗ ತಾವೇ ಎಪ್ಪತ್ತು ಎಂಬತ್ತು ದಾಟಿ ಅದೇ ವಾರ್ಡುಗಳಲ್ಲಿ ರೋಗಿಗಳಾಗುವ ಕಾಲ ಬಂದಿದೆ. ಜೊತೆಗೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳಲ್ಲಿ ಮಕ್ಕಳ ಮನೆಗೆ ಬಂದು ಉಳಿದ ಅಪ್ಪ ಅಮ್ಮಂದಿರು ಇದ್ದಾರೆ.

ಹಾಸನದ ಕಡೆಯ ಅಂಥ ಅಜ್ಜಿಯೊಬ್ಬರು ಸನ್ನಿಯ ಪರೀಕ್ಷೆಗೆ ಕೂತರು ಎಂದಿಟ್ಟುಕೊಳ್ಳಿ. ಎಡಿನ್‌ಬರಾದಲ್ಲಿ ರೂಪುಗೊಂಡ ‘4ಎಟಿ’ ಪರೀಕ್ಷೆ ಎರಡು ನಿಮಿಷದ್ದು. ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಇದು ಯಾವ ಜಾಗ, ಇದು ಯಾವ ಇಸವಿ? ಆಮೇಲೆ ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿ. ಅಜ್ಜಿಯ ಪಾಸ್‌ಪೋರ್ಟಿನಲ್ಲಿರುವುದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1. ಅವರು ಹೇಳುವುದು ಯುಗಾದಿ ಆದ ಮೂರನೆಯ ದಿನ. ಡಿಸೆಂಬರ್ ನವೆಂಬರ್ ಎಂದು ಹಿಂದಕ್ಕೆ ಎಂದೂ ಎಣಿಸಿದವರಲ್ಲ, ಫಾಲ್ಗುಣ, ಮಾಘ, ಪುಷ್ಯ ಎಂದರೆ ಸರಾಗ. ಭಾರತದವರು ಎಂದು ಹಿಂದಿ ಬಲ್ಲ ನರ್ಸನ್ನು ಕರೆತಂದರೆ ಅಜ್ಜಿ ನಕ್ಕು ಸುಮ್ಮನಾಗುತ್ತಾರೆ. ಕಾಗದದ ಮೇಲೆ ಅಂಕ ಏರುತ್ತದೆ. ಇದರ ತದ್ವಿರುದ್ಧವೂ ಆಗಬಹುದು. ನಿಜವಾಗಿಯೂ ಅಸಂಬದ್ಧ ಮಾತಾಡುತ್ತಿರುವ ಅಜ್ಜನನ್ನು ‘ಅವರ ಭಾಷೆಯಲ್ಲಿ ಏನೋ ಹೇಳುತ್ತಿದ್ದಾರೆ’ ಎಂದು ಬಿಟ್ಟುಬಿಡಬಹುದು. ನಲವತ್ತು ವರ್ಷ ಇಂಗ್ಲಿಷಿನಲ್ಲೇ ವೃತ್ತಿ ನಡೆಸಿದವರೂ ಸನ್ನಿಯಲ್ಲಿ ತಾಯಿನುಡಿಗೆ ಹೊರಳುವುದುಂಟು. ಆಗ ಆ ಮಾತು ತಿಳಿಯುವವರು ಹಾಸಿಗೆಯ ಪಕ್ಕದಲ್ಲಿ ಇರಬೇಕು.

ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸುವಂಥ ಸಂದರ್ಭದಲ್ಲಿ ಆಸ್ಪತ್ರೆಯ ಭಾಷಾಂತರಕಾರರನ್ನೇ ಕೇಳಿ ಪಡೆಯಬೇಕು. ಅದು ಪುಕ್ಕಟೆ. ಮನೆಯವರ ಕೆಲಸ ಬೇರೆ. ‘ಇವರು ಮೊನ್ನೆಯವರೆಗೆ ಹೀಗಿರಲಿಲ್ಲ’ ಎಂದು ಹೇಳಬಲ್ಲವರು ಅವರೊಬ್ಬರೇ. ಈ ಒಂದು ವಾಕ್ಯವನ್ನು ವೈದ್ಯರು ಪರೀಕ್ಷೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. 4ಎಟಿಯಲ್ಲೂ ದಿಢೀರನೆ ಆದ ಬದಲಾವಣೆಗೆ ಹೆಚ್ಚಿನ ತೂಕವಿದೆ. ಅಂಜಬೇಡಿ, ಸಂಕೋಚಪಡಬೇಡಿ, ಹೇಳಿ.

ಆಪರೇಷನ್ನಿಗೆ ಮೊದಲು ಮಾಡಬಹುದಾದದ್ದೂ ಇದೆ. ಆಸ್ಪತ್ರೆ ಮನೆಗಿಂತ ತಣ್ಣಗಿರಬಹುದು, ಬನಿಯನ್, ಡ್ರೆಸ್ಸಿಂಗ್ ಗೌನ್, ಚಪ್ಪಲಿ ತನ್ನಿ ಎಂದು ನೈಸ್ ರೋಗಿಗಳಿಗೆ ಹೇಳಿಸುತ್ತದೆ. ನಮ್ಮವರು ಸ್ವೆಟರ್, ಉಣ್ಣೆಯ ಶಾಲು, ಕಾಲುಚೀಲ ಒಯ್ಯಲಿ, ಥಿಯೇಟರಿಗೆ ಕರೆಯುವ ತನಕ ಹೊದ್ದಿರಲಿ. ಚಳಿಯಾದರೆ ಹೇಳಬೇಕು ಎಂಬ ಮಾತೂ ಆ ಮಾರ್ಗಸೂಚಿಯಲ್ಲಿದೆ. ಆದರೆ ನಮ್ಮ ಹಿರಿಯರು ‘ಪರವಾಗಿಲ್ಲಮ್ಮ, ತಡ್ಕೋತೀನಿ’ ಎನ್ನುವವರು, ಅವರ ಪರವಾಗಿ ಮಗನೋ ಸೊಸೆಯೋ ಕೇಳಬೇಕಾಗುತ್ತದೆ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಆಪರೇಷನ್ ಆದರೂ ಇದು ಅನ್ವಯ. ಹೊರಗೆ ಏಪ್ರಿಲ್ ಬಿಸಿಲಿದ್ದರೂ ಥಿಯೇಟರಿನೊಳಗೆ ಎಸಿ ಇದ್ದೇ ಇರುತ್ತದೆ.

ಊರಿಂದ ತಂದ ಮಾತ್ರೆಗಳ ಚೀಲವನ್ನು ಪೂರ್ತಿ ವೈದ್ಯರ ಮುಂದೆ ಸುರಿಯಿರಿ. ನಮ್ಮಲ್ಲಿ ವರ್ಷಗಟ್ಟಲೆ ನಿದ್ದೆಗೆಂದು ಆಲ್ಪ್ರಜೋಲಾಮ್ ನುಂಗುವ ಹಿರಿಯರು ಬೇಕಾದಷ್ಟಿದ್ದಾರೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಅದನ್ನು ಬರೆದುಕೊಡುವುದಿಲ್ಲ. ಆಸ್ಪತ್ರೆ ಸೇರಿದ ದಿನ ಅದು ಥಟ್ಟನೆ ನಿಂತರೆ, ಅದು ನಿಂತದ್ದೇ ಸನ್ನಿಗೆ ಕಾರಣವಾಗಬಹುದು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮೂರಕ್ಕೂ ಹೆಸರು ಬರೆದ ಡಬ್ಬಿ ಇರಲಿ. ಅಲ್ಝೈಮರ್ಸ್ ಸೊಸೈಟಿಯವರು ಕೊಡುವ ‘ದಿಸ್ ಈಸ್ ಮಿ’ ಎಂಬ ಹಾಳೆಯಲ್ಲಿ ಬರೆದಿಡಿ: ಇವರನ್ನು ಹೆಸರು ಹಿಡಿದು ಕರೆಯಬೇಡಿ, ಅಜ್ಜಿ ಎನ್ನಿ. ಬಲಗಿವಿ ಕೇಳುವುದಿಲ್ಲ. ರಾತ್ರಿ ಮೊಸರನ್ನ. ಬೆಳಗ್ಗೆ ಕಾಫಿ ಇಲ್ಲದೆ ಮಾತಿಲ್ಲ. ಭೇಟಿಯ ಸಮಯ ಮುಗಿದ ಮೇಲೂ ಡಿಮೆನ್ಷಿಯಾ ಇರುವವರ ಜೊತೆ ಮನೆಯವರು ಇರಲು ಬಿಡಬೇಕೆಂದು ಹೋರಾಡಿದ ‘ಜಾನ್ಸ್ ಕ್ಯಾಂಪೇನ್’ 2014ರಲ್ಲಿ ಶುರುವಾಯಿತು. ಅದರ ಹೆಸರು ಹೇಳಿ ಕೇಳಿದರೆ ಎಷ್ಟೋ ವಾರ್ಡುಗಳಲ್ಲಿ ಬಾಗಿಲು ತೆರೆಯುತ್ತದೆ.

ಹೆಚ್ಚಿನವರಲ್ಲಿ ಸನ್ನಿ ಕೆಲವು ದಿನ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿದ ಮೇಲೆ ಕಂಡದ್ದರ, ಕೂಗಾಡಿದ್ದರ ನೆನಪು ಹಲವರಲ್ಲಿ ಉಳಿಯುತ್ತದೆ, ಯಾರಿಗೂ ಹೇಳಿಕೊಳ್ಳದೆ ನಾಚಿಕೊಂಡು ಒಳಗೇ ನುಂಗಿಕೊಳ್ಳುತ್ತಾರೆ. ಅದು ಹುಚ್ಚಲ್ಲ, ಆಪರೇಷನ್ನಿನ ಹೊತ್ತಿನ ಕಾಯಿಲೆ ಎಂದು ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಮುಂದಿನ ತಿಂಗಳುಗಳಲ್ಲಿ ಮರೆವು ಹೆಚ್ಚುತ್ತಿದೆಯೇ ಎಂದು ಗಮನಿಸಬೇಕು, ಸನ್ನಿ ಬಂದವರಲ್ಲಿ ಡಿಮೆನ್ಷಿಯಾದ ಸಾಧ್ಯತೆ ಹೆಚ್ಚು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಪತ್ರದಲ್ಲಿ ಡೆಲಿರಿಯಂ ಬಂದಿತ್ತೆಂದು ಬರೆದಿದ್ದಾರೆಯೇ ನೋಡಿಕೊಳ್ಳಿ. ಬರೆಯದಿದ್ದರೆ ನಿಮ್ಮ ಕುಟುಂಬ ವೈದ್ಯರಿಗೆ (ಜಿಪಿ) ಹೇಳಿ ಸೇರಿಸಿ. ಮುಂದೊಂದು ದಿನ ಇನ್ನೊಂದು ಆಪರೇಷನ್ ಆಗಬೇಕಾದರೆ ಅರಿವಳಿಕೆಯವರು ಆ ಸಾಲನ್ನು ಓದಿಯೇ ಮದ್ದಿನ ಪ್ರಮಾಣ, ಹೊದಿಕೆ, ರಾತ್ರಿಯ ನಿಗಾ ಎಲ್ಲವನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಬಹುದು.